ಇದರಲ್ಲಿ ನೀನು ಯಾರಪ್ಪಾ?

ಒಂಬತ್ತನೇ ತರಗತಿಯಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದ ಮೇಷ್ಟ್ರಿಗೆ ಒಂದು ಅಭ್ಯಾಸ ಇತ್ತು. ಯಾವ ಪುರಾಣದ ಕತೆ ಮುಗಿದರೂ ಪುಸ್ತಕ ಮಡಚಿ, ಯಾರನ್ನಾದರೂ ಎಬ್ಬಿಸಿ, "ಇದರಲ್ಲಿ ನೀನು ಯಾರಪ್ಪಾ?" ಅಂತ ಕೇಳುತ್ತಿದ್ದರು. ಹುಡುಗರೆಲ್ಲ ಭೀಮ, ಅರ್ಜುನ, ಹನುಮಂತ. ಕೌರವರ ಕಡೆಯವನು ಒಬ್ಬನೂ ಇರಲಿಲ್ಲ! ಸಮುದ್ರ ಮಥನದ ಕತೆ ಆದ ದಿನ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಾನು ವಾಸುಕಿ ಸಾರ್, ಎರಡೂ ಕಡೆಯಿಂದ ಎಳೀತಾರೆ" ಅಂದಳು. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. "ಕತೆ ಕೇಳಿದವಳು ಇವಳೊಬ್ಬಳೇ" ಅಂದರು. ಆಗ ನನಗೆ ಏನೂ ಅರ್ಥ ಆಗಿರಲಿಲ್ಲ.

ನನ್ನ ಸರದಿ ಬಂದಿದ್ದು ಉತ್ತರ ಕುಮಾರನ ಪಾಠದಲ್ಲಿ. ಅದಕ್ಕೆ ಒಂದು ಹಿನ್ನೆಲೆ ಇದೆ, ಹೇಳೋಕೆ ಈಗಲೂ ಸ್ವಲ್ಪ ನಾಚಿಕೆ. ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಹದಿನೈದು ದಿನ ಇಡೀ ತರಗತಿಗೆ ಕೊಚ್ಚಿಕೊಂಡಿದ್ದೆ, ಮೊದಲ ಬಹುಮಾನ ನನ್ನದೇ, ಉಳಿದವರು ಸುಮ್ನೆ ಬಂದು ಹೋಗಬಹುದು ಅಂತ. ಆ ದಿನ ವೇದಿಕೆಯ ಪರದೆ ಸಂದಿಯಿಂದ ಸಭೆ ಕಂಡಿತು ನೋಡಿ, ಬಾಯಿ ಒಣಗಿತು, ಕಾಲು ನನ್ನ ಮಾತು ಕೇಳಲಿಲ್ಲ. ಹಿಂಬಾಗಿಲಿಂದ ಓಡಿಹೋಗಿ ನೀರಿನ ಟ್ಯಾಂಕಿನ ಹಿಂದೆ ಕೂತೆ. ಮೈಕಿನಲ್ಲಿ ನನ್ನ ಹೆಸರು ಮೂರು ಸಲ ಕೂಗಿದ್ದು ಅಲ್ಲಿಗೂ ಕೇಳಿಸುತ್ತಿತ್ತು.

ಮುಂದಿನ ವಾರವೇ ಈ ಪಾಠ. ಬೇಕಂತಲೇ ತೆಗೆದುಕೊಂಡರೋ, ವರ್ಷದ ಪಾಠಗಳ ಪಟ್ಟಿಯಲ್ಲಿ ಅದೇ ಇತ್ತೋ, ಇವತ್ತಿಗೂ ಗೊತ್ತಿಲ್ಲ. 'ಉತ್ತರನ ಪೌರುಷ ಒಲೆ ಮುಂದೆ' ಅನ್ನೋ ಗಾದೆ ಅಲ್ಲಿಯವರೆಗೆ ಬೇರೆಯವರಿಗೆ ಹೇಳೋ ಗಾದೆ ಅಂದುಕೊಂಡಿದ್ದೆ.

ಕುಮಾರವ್ಯಾಸನ ಷಟ್ಪದಿಯನ್ನು ಮೇಷ್ಟ್ರು ಓದುತ್ತಿದ್ದರೆ ಹೊಟ್ಟೆ ಹಿಡಿದುಕೊಂಡು ನಗುವ ಹಾಗಿರುತ್ತಿತ್ತು. ಆಮೇಲೆ ವ್ಯಾಸರ ಮೂಲದ ಸಣ್ಣ ಸಣ್ಣ ವಿವರಗಳನ್ನೂ ಸೇರಿಸುತ್ತಿದ್ದರು. ಕೌರವರು ವಿರಾಟನ ಹಸು ಹೊಡೆದುಕೊಂಡು ಹೋಗುತ್ತಿದ್ದಾರೆ, ಅವನ ಮಗ ಉತ್ತರ ಅಂತಃಪುರದ ಹೆಂಗಸರ ಮುಂದೆ ನಿಂತು 'ಒಬ್ಬ ಸಾರಥಿ ಸಿಕ್ಕಿದ್ದರೆ' ಅಂತ ಪೌರುಷ ಕೊಚ್ಚುತ್ತಿದ್ದಾನೆ. ಸಾರಥಿಯಾಗಿ ಬಂದವನು ನಾಟ್ಯ ಕಲಿಸುವ ಬೃಹನ್ನಳೆ, ಅಂದರೆ ಅಜ್ಞಾತವಾಸದಲ್ಲಿರೋ ಅರ್ಜುನ. ಅವನು ಬೇಕಂತಲೇ ಕವಚ ಹಾಕಿಕೊಳ್ಳೋಕೆ ಬರದವನ ಹಾಗೆ ಆಡುತ್ತಾನೆ, ಹುಡುಗಿಯರು ನಗುತ್ತಾರೆ. ಭೀಷ್ಮ ದ್ರೋಣರ ಬಟ್ಟೆ ತಗೊಂಡು ಬನ್ನಿ, ನಮ್ಮ ಗೊಂಬೆಗಳಿಗೆ ಬೇಕು ಅಂತ ಕೇಳುತ್ತಾರೆ. ಎಂಥ ಮನೆಮಾತಿನ ಹಾಗಿದೆ ಅಲ್ವಾ?

ಸೈನ್ಯ ಕಂಡದ್ದೇ ತಡ, ಉತ್ತರ ರಥದಿಂದ ಹಾರಿ ಓಡಿದ. ನನ್ನ ಕಿವಿ ಬಿಸಿಯಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಮಾತ್ರ ನನ್ನ ಕಡೆ ತಿರುಗಲಿಲ್ಲ. "ಇಲ್ಲಿಗೆ ಎಲ್ಲರೂ ನಕ್ಕು ನಿಲ್ಲಿಸಿಬಿಡುತ್ತಾರೆ, ಕತೆ ಇಲ್ಲಿಂದ ಶುರು" ಅಂದರು.

ಅರ್ಜುನ ಅವನನ್ನು ಹಿಡಿದು ತಂದ. ಯುದ್ಧ ನಾನು ಮಾಡುತ್ತೇನೆ, ನೀನು ಕುದುರೆಯ ಲಗಾಮು ಹಿಡಿ ಅಂದ. ಆದರೆ ಮೊದಲು ಹೋಗಿದ್ದು ಸ್ಮಶಾನದ ಹತ್ತಿರದ ಬನ್ನಿ ಮರಕ್ಕೆ. 12 ವರ್ಷ ವನವಾಸ ಮುಗಿಸಿ 13ನೇ ವರ್ಷ ಅಡಗಿಕೊಳ್ಳುವ ಮುಂಚೆ ಪಾಂಡವರು ಆಯುಧಗಳನ್ನೆಲ್ಲ ಕಟ್ಟಿಟ್ಟಿದ್ದು ಅಲ್ಲೇ. ವಾಸನೆಗೆ ಯಾರೂ ಹತ್ತಿರ ಬರಬಾರದು ಅಂತ ಅದರ ಜೊತೆ ಒಂದು ಹೆಣವನ್ನೂ ಕಟ್ಟಿದ್ದರು. ಮರ ಹತ್ತು ಅಂದರೆ ಉತ್ತರ ಹೆದರಿದ. ಅಲ್ಲಿ ಹೆಣ ಇದೆಯಂತೆ, ರಾಜಕುಮಾರ ನಾನು ಹೇಗೆ ಮುಟ್ಟಲಿ ಅಂದ. ಹೆಣ ಅಲ್ಲ, ಬಿಲ್ಲು, ಬಿಚ್ಚು ಅಂದ ಅರ್ಜುನ. ಬಿಚ್ಚಿದಾಗ ಆ ಬಿಲ್ಲುಗಳ ಹೊಳಪಿಗೆ ಇನ್ನೊಂದು ಸಲ ಹೆದರಿದ.

"ನಾವು ಮುಟ್ಟೋಕೆ ಹೇಸುವ ಗಂಟು ಒಂದು ನಮ್ಮೊಳಗೂ ಇರುತ್ತೆ" ಅಂದರು ಮೇಷ್ಟ್ರು. "ಹೆಣ ಅಂದುಕೊಂಡು ದೂರದಿಂದಲೇ ಹೋಗುತ್ತಿರುತ್ತೀವಿ. ನಮ್ಮ ಬಿಲ್ಲು ಅದರಲ್ಲೇ ಇರುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ನೀನು ಯಾರಪ್ಪಾ?"

"ಉತ್ತರ ಸಾರ್."

ಯಾರೂ ನಗಲಿಲ್ಲ. ಅದು ನನಗೆ ಈಗಲೂ ಆಶ್ಚರ್ಯ.

ಉಪದೇಶ ಅವರಿಗೆ ಇಷ್ಟ ಇರಲಿಲ್ಲ. ಬದಲಿಗೆ ಆ ವರ್ಷದ ಉಳಿದ ಎಲ್ಲ ಸ್ಪರ್ಧೆಗಳಿಗೂ ನನ್ನನ್ನು ಗಂಟೆ ಬಾರಿಸೋಕೆ ಹಾಕಿದರು. ನಾಲ್ಕು ನಿಮಿಷಕ್ಕೆ ಒಂದು, ಐದಕ್ಕೆ ಎರಡು. ವೇದಿಕೆಯ ಮೇಲೇ, ಮಾತಾಡುವವರ ಪಕ್ಕದ ಕುರ್ಚಿ. ಅಲ್ಲಿಂದ ಕಂಡದ್ದು ಸಭೆಗೆ ಕಾಣುತ್ತಿರಲಿಲ್ಲ. ಬಹುಮಾನ ಹೊಡೆಯುವವರ ಕೈಯಲ್ಲೂ ಚೀಟಿ ನಡುಗುತ್ತಿತ್ತು. ಗಟ್ಟಿ ದನಿಯವನೊಬ್ಬ ಮೇಜಿನ ಹಿಂದೆ ಕಾಲು ಕುಣಿಸುತ್ತಲೇ ಮಾತಾಡುತ್ತಿದ್ದ. ಹೆದರಿಕೆ ನನ್ನೊಬ್ಬನ ರೋಗ ಅಂದುಕೊಂಡಿದ್ದೆ! ನನಗೆ ಲಗಾಮು ಕೊಟ್ಟಿದ್ದರು ಅಂತ ಹೊಳೆಯೋಕೆ ವರ್ಷಗಳೇ ಬೇಕಾದವು. ಕಠೋಪನಿಷತ್ತಿನಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ ಅಂತ ಬರುತ್ತೆ. ಅದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಆ ಹಿತ್ತಾಳೆ ಗಂಟೆ.

ಹಾಗಂತ ಎಲ್ಲವನ್ನೂ ಸಂಕೇತ ಮಾಡುವುದು ಅವರಿಗೆ ಆಗುತ್ತಿರಲಿಲ್ಲ. ನಮ್ಮಲ್ಲೊಬ್ಬ ಎಲ್ಲೋ ಕೇಳಿಕೊಂಡು ಬಂದು, ಪಾಂಡವರು ಅಂದರೆ ಪಂಚೇಂದ್ರಿಯ, ಕೌರವರು ಅಂದರೆ ನೂರು ದುರ್ಗುಣ ಅಂತ ಗಟ್ಟಿಯಾಗಿ ಹೇಳಿದ. "ಸರಿ, ನೂರೂ ಹೇಳು, ಬರಕೋತೀನಿ" ಅಂದು ಸೀಮೆಸುಣ್ಣ ಹಿಡಿದು ನಿಂತರು. ಹನ್ನೊಂದಕ್ಕೆ ಅವನು ಸುಸ್ತು. ಕೋಷ್ಟಕ ಹಾಕಿದರೆ ಕತೆ ಸಾಯುತ್ತೆ, ಚುಚ್ಚುವ ಜಾಗ ಒಂದೇ ಸಿಕ್ಕರೂ ಸಾಕು ಅನ್ನೋದು ಅವರ ವಾದ. ನನಗೂ ಹಾಗೇ ಅನಿಸುತ್ತೆ. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ಅಸುರ ಹುಟ್ಟುತ್ತಾನಲ್ಲ, ಸಿಟ್ಟನ್ನು ಸಿಟ್ಟಿನಿಂದ ಹೊಡೆಯೋಕೆ ಹೋದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜಿಗೆ ಹೋದ ಮೇಲೆ ನನಗೇ ಹೊಳೆದದ್ದು ಒಂದಿದೆ. ಓಡುವ ಮುಂಚೆ ಉತ್ತರ, ನೋಡು, ನನ್ನ ರೋಮ ನಿಮಿರಿದೆ ಅನ್ನುತ್ತಾನೆ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನೂ ಅದನ್ನೇ ಅನ್ನುತ್ತಾನೆ, ಮೈ ನಡುಗುತ್ತಿದೆ, ಬಾಯಿ ಒಣಗುತ್ತಿದೆ, ರೋಮ ನಿಮಿರುತ್ತಿದೆ ಅಂತ. ಹುಡುಗನನ್ನು ಹಿಡಿದು ತಂದವನೇ ಕೊನೆಗೆ ಬಿಲ್ಲು ಕೆಳಗಿಟ್ಟು ಕೂತ. ಕಾರಣ ಬೇರೆ, ಒಪ್ಪುತ್ತೇನೆ. ಇವನದು ಹೆದರಿಕೆ, ಅವನದು ತನ್ನವರನ್ನೇ ಕೊಲ್ಲಬೇಕಲ್ಲ ಅನ್ನೋ ಸಂಕಟ. ಆದರೂ ಅವನಿಗೂ ಒಬ್ಬ ಸಾರಥಿ ಬೇಕಾಯಿತು. ಇದನ್ನು ಮೇಷ್ಟ್ರಿಗೆ ಪತ್ರದಲ್ಲಿ ಬರೆದಾಗ ಕಾರ್ಡಿನಲ್ಲಿ ಒಂದೇ ಸಾಲು ಬಂತು: "ಕತೆ ಪೂರ್ತಿ ಓದು."

ಓದಿದೆ. ಗೆದ್ದು ಬರುವಾಗ, ನಾನೇ ಗೆದ್ದೆ ಅಂತ ಊರಿನಲ್ಲಿ ಹೇಳು ಅಂತ ಅರ್ಜುನನೇ ಹೇಳಿಕೊಡುತ್ತಾನೆ. ಅಪ್ಪ ವಿರಾಟ ಮಗನ ಗೆಲುವಿಗೆ ಹಿಗ್ಗಿ, ಬೃಹನ್ನಳೆಯನ್ನು ಹೊಗಳಿದ ಕಂಕನ, ಅಂದರೆ ವೇಷ ಮರೆಸಿಕೊಂಡಿದ್ದ ಧರ್ಮರಾಯನ ಮುಖಕ್ಕೆ ಪಗಡೆಯ ದಾಳ ಎಸೆದು ರಕ್ತ ಬರಿಸುತ್ತಾನೆ. ಕೊಚ್ಚಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಸಮಯ ಇನ್ನೊಂದಿಲ್ಲ. ಉತ್ತರ ಹೇಳುತ್ತಾನೆ: ಹಸುಗಳನ್ನು ಗೆದ್ದದ್ದು ನಾನಲ್ಲ, ಶತ್ರುಗಳನ್ನು ಗೆದ್ದದ್ದೂ ನಾನಲ್ಲ, ಯಾರೋ ಒಬ್ಬ ದೇವಪುತ್ರ. ಗಾದೆ ಮಾಡಿದವರು ಇಲ್ಲಿಯವರೆಗೆ ಓದಲಿಲ್ಲವೇನೋ! ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಆ ಸಲ ಓಡಲಿಲ್ಲ.

ಕೊನೆಯ ಸಲ ಮೇಷ್ಟ್ರನ್ನು ನೋಡೋಕೆ ಹೋದಾಗ ಅವರಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಕೇಳಬೇಕು ಅಂದುಕೊಂಡದ್ದನ್ನು ಕೇಳಿಯೇಬಿಟ್ಟೆ. "ಸಾರ್, ಇದರಲ್ಲಿ ನೀವು ಯಾರು?"

ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ನಾನೂ ಅವನೇ ಕಣೋ," ಅಂದರು. "ಇನ್ನೂ ಮರದ ಕೆಳಗೇ ಇದ್ದೀನಿ. ವಾಸನೆಗೆ ಹೆದರಿ."