ಒಂದೇ ಸೀಟು
ಬೆಳಿಗ್ಗೆ ಪಾಂಡವಪುರ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಹಸಿರು ಟವೆಲ್ ಹೊದ್ದ ಯಜಮಾನರೊಬ್ಬರು, ಟವೆಲ್ ಅಂಚೆಲ್ಲ ಬಿಸಿಲಿಗೆ ಬಿಳಿಚಿಕೊಂಡಿತ್ತು. ವಿಧಾನಸಭೆಯ 224 ಜನರಲ್ಲಿ ನಿಮ್ಮ ರೈತಸಂಘದವರೊಬ್ಬರು ಏನು ಮಾಡ್ತಾರೆ ಅಂತ ಸುಮ್ನೆ ಕೆಣಕಿದೆ. ರೈತಸಂಘದವರ ಸರ್ವೋದಯ ಕರ್ನಾಟಕ ಪಕ್ಷಕ್ಕೆ 2013ರಲ್ಲಿ ಇಲ್ಲಿನ ಮೇಲುಕೋಟೆ ಕ್ಷೇತ್ರ ಗೆದ್ದುಕೊಟ್ಟವರು ರೈತ ನಾಯಕ ಪುಟ್ಟಣ್ಣಯ್ಯ, 2023ರಲ್ಲಿ ಮಗ ದರ್ಶನ್, ಅದೂ ಕಾಂಗ್ರೆಸ್ ಬೆಂಬಲದಿಂದ.

'ಕಬ್ಬಿನ ದುಡ್ಡು ಕೇಳೋಕೆ ಒಂದು ಬಾಯಿ ಸಾಕು ಕಣಪ್ಪ' ಅಂದರು ಯಜಮಾನರು.

2024ರಲ್ಲಿ ಜೆಡಿಎಸ್ ಗೆದ್ದಿದ್ದು ಲೋಕಸಭೆಯ 543ರಲ್ಲಿ ಎರಡೇ ಸೀಟು, ಆದರೂ ಮಂಡ್ಯದಲ್ಲಿ ಗೆದ್ದ ಕುಮಾರಸ್ವಾಮಿ ಕೇಂದ್ರ ಸಚಿವರಾದರು. ದೊಡ್ಡವರಿಗೆ ಬಹುಮತ ಸಿಗದಿದ್ದಾಗ ಚಿಲ್ಲರೆಗೇ ಬೆಲೆ ಜಾಸ್ತಿ, ಅಲ್ವಾ? ಟೀ ಅಂಗಡಿಯವನೂ ನನ್ನ ಐನೂರರ ನೋಟು ನೋಡಿ ಮುಖ ತಿರುಗಿಸಿದ. ಯಜಮಾನರೇ ನನ್ನ ಟೀಗೂ ಸೇರಿಸಿ ಕೊಟ್ಟರು.