ಕೇಬಲ್ ಮೋಡೆಮ್ ಮತ್ತು ಪೈಪೋಟಿ

ಅಮೆರಿಕದಲ್ಲಿ ಯಾವುದೇ ಕಂಪನಿಯ ಕೇಬಲ್ ಮೋಡೆಮ್ಮನ್ನು (ಟಿವಿ ಕೇಬಲ್ ಮೂಲಕ ಇಂಟರ್ನೆಟ್ ತರುವ ಪೆಟ್ಟಿಗೆಯನ್ನು) ಅಂಗಡಿಯಿಂದ ತಂದು ಮನೆಗೆ ಜೋಡಿಸಿಕೊಳ್ಳುವಾಗಲೆಲ್ಲ, ಬೇರೆ ಬೇರೆ ಕಂಪನಿಗಳ ಮೋಡೆಮ್‌ಗಳೂ ಹೊಂದುವಂತೆ ಮಾಡಿದ ಡಾಕ್ಸಿಸ್ ಮಾನದಂಡವನ್ನು ರೂಪಿಸಿದವರ ಬಗ್ಗೆ ನನಗೆ ಗೌರವ ಮೂಡುತ್ತದೆ. ತೊಂಬತ್ತರ ದಶಕದ ನಡುವೆ ಲ್ಯಾನ್‌ಸಿಟಿ, ಮೋಟೊರೋಲಾ ಮುಂತಾದವರ ಮೋಡೆಮ್‌ಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲವಾದ್ದರಿಂದ, ಊರು ಬದಲಿಸಿದವರಿಗೆ ಹಳೆಯ ಪೆಟ್ಟಿಗೆ ಕೆಲಸಕ್ಕೆ ಬರುವ ಭರವಸೆಯೇ ಇರಲಿಲ್ಲ. ಇಂಥ ಮಾನದಂಡಕ್ಕಾಗಿ ಎಂಜಿನಿಯರುಗಳ ಐಇಇಇ ಸಂಸ್ಥೆ ರಚಿಸಿದ್ದ 802.14 ಸಮಿತಿ ಇನ್ನೂ ಚರ್ಚೆಯಲ್ಲೇ ಇದ್ದಾಗ, ಕಾಮ್‌ಕಾಸ್ಟ್, ಕಾಕ್ಸ್, ಟಿಸಿಐ ಮತ್ತು ಟೈಮ್ ವಾರ್ನರ್ ಕೇಬಲ್ ಎಂಬ ಕೇಬಲ್ ಕಂಪನಿಗಳು ಒಟ್ಟಾಗಿ 1997ರಲ್ಲಿ ತಮ್ಮದೇ ಮಾನದಂಡವಾದ ಡಾಕ್ಸಿಸನ್ನು ಹೊರತಂದವು. 1999ರಲ್ಲಿ ಪ್ರಮಾಣೀಕೃತ ಮೋಡೆಮ್‌ಗಳು ಬಂದವು. ಟಿವಿಯ ಒಂದು ಚಾನೆಲ್‌ನಷ್ಟೇ, ಅಂದರೆ 6 ಮೆಗಾಹರ್ಟ್ಸ್ ಜಾಗದಲ್ಲಿ, ಸೆಕೆಂಡಿಗೆ ಸುಮಾರು 30 ಮೆಗಾಬಿಟ್ ಮಾಹಿತಿ ಮನೆಗೆ ಇಳಿದು ಬರುತ್ತಿತ್ತು. ನಿಜವಾದ ಕಷ್ಟವಿದ್ದದ್ದು ಮನೆಯಿಂದ ಹೊರಡುವ ದಿಕ್ಕಿನಲ್ಲಿ: ಒಂದು ಮನೆಯ ಸಡಿಲ ಕನೆಕ್ಟರ್‌ನಿಂದ ನುಸುಳಿದ ಅನಗತ್ಯ ಸಂಕೇತಗಳ ಗದ್ದಲವು ಅದೇ ಕೇಬಲ್ಲನ್ನು ಹಂಚಿಕೊಂಡ ನೆರೆಹೊರೆಯವರ ಸಂಕೇತವನ್ನೂ ಕೆಡಿಸುತ್ತಿತ್ತು.

ಆದರೆ ಪೈಪೋಟಿ ಇಂಟರ್ನೆಟ್ ಸೇವೆಗೆ ಹಬ್ಬದೆ ಮೋಡೆಮ್ಮಿಗಷ್ಟೇ ಸೀಮಿತವಾದದ್ದು ನನಗೆ ಈಗಲೂ ಬೇಸರದ ಸಂಗತಿ. 1996ರ ದೂರಸಂಪರ್ಕ ಕಾಯ್ದೆಯು ಹಳೆಯ ಟೆಲಿಫೋನ್ ಕಂಪನಿಗಳ ತಂತಿಗಳನ್ನು ಪ್ರತಿಸ್ಪರ್ಧಿಗಳಿಗೂ ತೆರೆಯಿತು. ಕೇಬಲ್ ಕಂಪನಿಗಳಿಗೆ ಅಂಥ ಕಡ್ಡಾಯ ಬೇಡವೆಂಬ ಎಫ್‌ಸಿಸಿಯ (ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗದ) ನಿಲುವನ್ನು 2005ರ ಬ್ರ್ಯಾಂಡ್ ಎಕ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.