ಎತ್ತಿಗೆ ಜ್ವರ, ಎಸ್‌ಎಸ್‌ಡಿಗೆ ಬರೆ

ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಿಂದ ಲಾಗಿನ್ ಪರದೆ ಬರುವವರೆಗೆ 90 ಸೆಕೆಂಡ್. ಹಳೆಯ ಹಾರ್ಡ್ ಡಿಸ್ಕ್ ಅಲ್ಲ, ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದ, ವೇಗದ ಡಿಸ್ಕ್) ಹಾಕಿದ ಮೇಲಿನ ಲೆಕ್ಕ ಇದು. ಹನ್ನೊಂದು ದಿನ ಇದರ ಹಿಂದೆ ಬಿದ್ದಿದ್ದೆ. ನಿನ್ನೆ ರಾತ್ರಿ ಅದು 22ಕ್ಕೆ ಇಳಿಯಿತು. ನಾನು ಇಳಿಸಿದೆ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಕಾರಣ ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಹಳೆಯ ಡಿಸ್ಕ್‌ನಿಂದ ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ನಕಲು ಮಾಡಿದ್ದು, ಎಎಚ್‌ಸಿಐ ಮೋಡ್, ಟ್ರಿಮ್, ಪಾರ್ಟಿಷನ್ ಅಲೈನ್‌ಮೆಂಟ್ ಇತ್ಯಾದಿ ಡಿಸ್ಕ್ ಹೊಂದಿಕೆಗಳನ್ನು ಇಲ್ಲಿ ವಿವರಿಸುವುದಿಲ್ಲ. ಎಲ್ಲವೂ ಸರಿಯಿತ್ತು. ಓದುವ ವೇಗ ಸೆಕೆಂಡಿಗೆ 530 ಎಂಬಿ ಬರುತ್ತಿತ್ತು. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾದ 6 ಗಿಗಾಬಿಟ್ ಕೊಂಡಿಯಲ್ಲಿ ಅದಕ್ಕಿಂತ ಹೆಚ್ಚು ಆಸೆಪಡುವಂತೆಯೂ ಇಲ್ಲ. ಲಾಗಿನ್ ಆದ ಮೇಲೆ ಯಂತ್ರ ಗಾಳಿಯಂತೆ ಓಡುತ್ತಿತ್ತು. ಏಳುವುದಕ್ಕೆ ಮಾತ್ರ ಸೋಮಾರಿತನ.

ಮೊದಲು ದಾರಿ ತಪ್ಪಿಸಿದ್ದು ಆ 90 ಎಂಬ ಅಂಕಿಯೇ. ಲಿನಕ್ಸ್ ಏಳುವಾಗ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಒಂದು ಸಾಧನಕ್ಕಾಗಿ ಕಾದು ಕೈಬಿಡುವ ಅವಧಿಯೂ ಸರಿಯಾಗಿ 90 ಸೆಕೆಂಡ್. ಡಿಸ್ಕ್ ನಕಲು ಮಾಡಿದವರೆಲ್ಲ ಒಮ್ಮೆಯಾದರೂ ಬೀಳುವ ಹಳ್ಳ ಅದು: ಡಿಸ್ಕ್‌ನ ಭಾಗಗಳ (ಪಾರ್ಟಿಷನ್‌ಗಳ) ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ಹಳೆಯ ಸ್ವಾಪ್ ಭಾಗದ ಗುರುತುಸಂಖ್ಯೆ (ಯುಯುಐಡಿ) ಉಳಿದುಬಿಟ್ಟಿರುತ್ತದೆ, ಇಲ್ಲದ ಪಾರ್ಟಿಷನ್‌ಗಾಗಿ ಯಂತ್ರ ಬಾಗಿಲು ಕಾಯುತ್ತದೆ. ಕೈಗಡಿಯಾರ ನೋಡಿ ಅಳೆದ 90 ಸೆಕೆಂಡನ್ನು ನಂಬಿ ಒಂದು ಇಡೀ ಸಂಜೆ ಯುಯುಐಡಿಗಳನ್ನು ಅಕ್ಷರ ಅಕ್ಷರ ಹೋಲಿಸಿದೆ. ಒಂದೂ ತಪ್ಪಿರಲಿಲ್ಲ. ಮಾಡಬೇಕಾಗಿದ್ದ ಮೊದಲ ಕೆಲಸವನ್ನು ಎರಡನೆಯ ದಿನ ಮಾಡಿದೆ. ಬೂಟ್ ಸಮಯ ಅಳೆಯುವ ಸಿಸ್ಟಮ್‌ಡಿ-ಅನಲೈಜ್ ಕೊಟ್ಟ ಲೆಕ್ಕ ಹೀಗಿತ್ತು: ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ) 17 ಸೆಕೆಂಡ್, ಲೋಡರ್ 3, ಕರ್ನಲ್ (ಲಿನಕ್ಸ್‌ನ ತಿರುಳು) 64, ಉಳಿದ ಸೇವೆಗಳಿಗೆಲ್ಲ ಸೇರಿ 6. ಕೂಡಿದರೆ 90. ಶುದ್ಧ ಕಾಕತಾಳೀಯ. ಅದರದೇ ಬ್ಲೇಮ್ ಪಟ್ಟಿಯಲ್ಲಿ ಯಾರ ತಪ್ಪೂ ಕಾಣಲಿಲ್ಲ, ಕಾಣುವುದೂ ಇಲ್ಲ. ಅದು ಸೇವೆಗಳ ಪಟ್ಟಿ, ಕರ್ನಲ್‌ನ ಹೊಟ್ಟೆಯೊಳಗೆ ಇಣುಕುವುದಿಲ್ಲ.

ಕರ್ನಲ್ ಲಾಗ್ ತೆರೆದರೆ ಕಥೆ ಅಲ್ಲೇ ಇತ್ತು. ಸಮಯದ ಕಾಲಂ ನೋಡಿ. ಆರನೆಯ ಸೆಕೆಂಡಿನಲ್ಲಿ ಎಟಿಎ3 ಎಂಬ ಸಾಟಾ ಪೋರ್ಟಿನ ಹೆಸರಿನ ಮುಂದೆ ಒಂದು ವಿನಯದ ಸಾಲು: ಕೊಂಡಿ ಉತ್ತರಿಸಲು ತಡಮಾಡುತ್ತಿದೆ, ದಯವಿಟ್ಟು ತಾಳ್ಮೆಯಿಂದಿರಿ. ಹನ್ನೊಂದನೆಯ ಸೆಕೆಂಡಿನಲ್ಲಿ ಕಾಮ್‌ರಿಸೆಟ್ (ಕೊಂಡಿಯನ್ನು ಹೊಸದಾಗಿ ಎಬ್ಬಿಸುವ ಸಂಕೇತ) ವಿಫಲ, ದೋಷಸಂಖ್ಯೆ ಮೈನಸ್ 16. ಹದಿನಾರರಲ್ಲಿ ಮತ್ತೆ ತಾಳ್ಮೆಯ ಕೋರಿಕೆ, ಇಪ್ಪತ್ತೊಂದರಲ್ಲಿ ಮತ್ತೆ ವಿಫಲ. ಇಪ್ಪತ್ತಾರರಲ್ಲಿ ಮೂರನೆಯ ಕೋರಿಕೆ. ಆಮೇಲೆ ಮೂವತ್ತು ಸೆಕೆಂಡ್ ಸ್ಮಶಾನಮೌನ. ಐವತ್ತಾರರಲ್ಲಿ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಿ ಕೊನೆಯ ಪ್ರಯತ್ನ, ಅರವತ್ತೊಂದರಲ್ಲಿ ಕೈಚೆಲ್ಲಿದ ಘೋಷಣೆ. ಉತ್ತರಿಸದ ಪೋರ್ಟ್‌ಗೆ ಕರ್ನಲ್ ನಾಲ್ಕು ಅವಕಾಶ ಕೊಡುತ್ತದೆ: 10, 10, 35, 5 ಸೆಕೆಂಡ್. ಒಟ್ಟು 60. ಶಾಲೆಯಲ್ಲಿ ಒಬ್ಬನೇ ಹುಡುಗನ ಹಾಜರಿಗಾಗಿ ಇಡೀ ತರಗತಿಯನ್ನು ನಿಲ್ಲಿಸಿದ ಹಾಗೆ, ಉಳಿದವರೆಲ್ಲ ಬಂದು ಕುಳಿತಿದ್ದರೂ ಪಾಠ ಶುರುವಾಗುವುದಿಲ್ಲ. ಮೈನಸ್ 16 ಎಂದರೆ 'ಸಾಧನ ಕೆಲಸದಲ್ಲಿ ಮುಳುಗಿದೆ' ಎಂದರ್ಥ. ಯಾವ ಕೆಲಸವೋ ದೇವರೇ ಬಲ್ಲ.

ಎಟಿಎ3 ಯಾರು? ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿನಲ್ಲಿ 3 ಎಂದು ಮುದ್ರಿಸಿದ ಸಾಕೆಟ್‌ಗೆ ನಾನೇ ಚುಚ್ಚಿದ್ದೆ. ಇನ್ನೇನು ಬೇಕು? ಆರೋಪಿ ಸಿಕ್ಕಿಬಿದ್ದ. ಕೇಬಲ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸಿದೆ.

ಕೇಬಲ್ ಮಾರುವವರ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 'ವಿಶೇಷ 6 ಗಿಗಾಬಿಟ್ ಕೇಬಲ್' ಎಂದು ಹೆಚ್ಚು ದುಡ್ಡು ಕೀಳುತ್ತಾರೆ. ಸಾಟಾದ ಮೂರೂ ವೇಗಗಳಿಗೆ ಕೇಬಲ್‌ನ ನಿಯಮ ಒಂದೇ. ಚಿತ್ರದಲ್ಲಿ ಲೋಹದ ಕ್ಲಿಪ್ ಮಿರಮಿರ ಮಿಂಚುತ್ತಿತ್ತು, ಬಂದದ್ದರಲ್ಲಿ ಕ್ಲಿಪ್ ಕೂರಬೇಕಾದ ತೂತು ಮಾತ್ರ ಇತ್ತು. ಎರಡನೆಯದರ ತುದಿ ಬಾಗಿದ್ದು ಸರಿ, ಆದರೆ ಬೇಕಾದ ದಿಕ್ಕಿಗೆ ವಿರುದ್ಧವಾಗಿ ಬಾಗಿ ಪಕ್ಕದ ಸಾಕೆಟ್‌ನ ಮೇಲೆ ತಲೆಯಿಟ್ಟು ಮಲಗಿತು. ಡ್ರೈವ್ ಕೂರಿಸುವ ಚೌಕಟ್ಟು ಕಳುಹಿಸಿದ ಮಹಾಶಯ ಹಾರ್ಡ್ ಡಿಸ್ಕ್‌ನ ದಪ್ಪ ಮರೆಯ ತಿರುಪುಗಳನ್ನು ಕೊಟ್ಟಿದ್ದ. ಎಸ್‌ಎಸ್‌ಡಿಗೆ ಬೇಕಾದದ್ದು ಸಣ್ಣ ಮರೆಯ ಎಂ3. ಸದ್ಯ ಅದು ಎರಡು ಬದಿಯ ಅಂಟುಪಟ್ಟಿಯ ಕೃಪೆಯಿಂದ ನಿಂತಿದೆ. ತಿರುಗುವ ಭಾಗ ಇಲ್ಲದ್ದರಿಂದ ಪರವಾಗಿಲ್ಲ.

ಮೊದಲ ಕೇಬಲ್ ಹಾಕಿ ರೀಬೂಟ್ ಮಾಡಿದೆ. 22 ಸೆಕೆಂಡ್! ಬೆನ್ನು ತಟ್ಟಿಕೊಂಡು ಕ್ಯಾಬಿನೆಟ್ ಮುಚ್ಚಿ ಮಲಗಿದೆ. ಬೆಳಿಗ್ಗೆ ಗುಂಡಿ ಒತ್ತಿದರೆ 90. ಎರಡನೆಯ ಕೇಬಲ್ ಹಾಕಿ ರೀಬೂಟ್ ಮಾಡಿದೆ. 22. ಬೆಳಿಗ್ಗೆ 90. ಎಸ್‌ಎಸ್‌ಡಿಯ ಫರ್ಮ್‌ವೇರ್ ನವೀಕರಿಸಿದೆ. ರಾತ್ರಿ 22, ಬೆಳಿಗ್ಗೆ 90. ಈ ಆಟ ಮೂರು ಸಲ ನಡೆದ ಮೇಲೆ ಹೊಳೆಯಿತು: ಪ್ರತಿ ಸಲವೂ ಯಂತ್ರವನ್ನು ಒಮ್ಮೆ ಎಬ್ಬಿಸಿ ಏನಾದರೂ ನೋಡಿ, ಆಮೇಲೆ ರೀಬೂಟ್ ಮಾಡಿ ಸಮಯ ಅಳೆಯುತ್ತಿದ್ದೆ. ರೀಬೂಟ್‌ನಲ್ಲಿ ವಿದ್ಯುತ್ ಕಡಿಯುವುದಿಲ್ಲ. ಅಷ್ಟು ಹೊತ್ತಿಗೆ ಎಚ್ಚರವಾಗಿದ್ದ ಸಾಧನ ಎಚ್ಚರವಾಗಿಯೇ ಇರುತ್ತದೆ. ಕಾಯಿಲೆ ಇದ್ದದ್ದು ತಣ್ಣಗಿನ ಬೂಟ್‌ನಲ್ಲಿ, ಅಂದರೆ ವಿದ್ಯುತ್ ಪೂರ್ತಿ ಕಡಿದ ಮೇಲೆ ಎಬ್ಬಿಸುವಾಗ. ನಾನು ಕೊಟ್ಟ ಔಷಧಗಳೆಲ್ಲ ಆಗಲೇ ಜ್ವರ ಬಿಟ್ಟ ರೋಗಿಗೆ ಕೊಟ್ಟವು.

ಈ ನಡುವೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ದಾಖಲೆಯ 199ನೆಯ ಅಂಶ, ಅಂದರೆ ಕೊಂಡಿಯಲ್ಲಿ ದತ್ತಾಂಶ ಕೆಟ್ಟು ಬಂದ (ಸಿಆರ್‌ಸಿ) ದೋಷಗಳ ಎಣಿಕೆ, ಮೊದಲ ದಿನದಿಂದಲೂ ಸೊನ್ನೆಯನ್ನೇ ತೋರಿಸುತ್ತಿತ್ತು. ಕೇಬಲ್ ಕೆಟ್ಟಿದ್ದರೆ ಮೊದಲು ಏರಬೇಕಾದದ್ದು ಅದೇ. ಸಾಕ್ಷಿ ನಿಜವನ್ನೇ ನುಡಿಯುತ್ತಿತ್ತು, ನ್ಯಾಯಾಧೀಶ ಕೇಬಲ್ ಕೊಳ್ಳುವುದರಲ್ಲಿದ್ದ.

ಒಂಬತ್ತನೆಯ ದಿನ ಅನುಮಾನ ವಿದ್ಯುತ್ ತಂತಿಯ ಮೇಲೆ ಹೋಯಿತು. ಬೇರೆ ಸಾಟಾ ಪ್ಲಗ್ ಬಿಡುವಿರಲಿಲ್ಲ. ಡಿವಿಡಿ ಡ್ರೈವ್‌ನ ಪ್ಲಗ್ ಕಿತ್ತು ಎಸ್‌ಎಸ್‌ಡಿಗೆ ಕೊಟ್ಟೆ. ಎರಡು ವರ್ಷದಿಂದ ಆ ಡ್ರೈವ್‌ಗೆ ಒಂದು ತಟ್ಟೆಯನ್ನೂ ತಿನ್ನಿಸಿರಲಿಲ್ಲ. ರಾತ್ರಿಯಿಡೀ ವಿದ್ಯುತ್ ಕಡಿದಿಟ್ಟು ಬೆಳಿಗ್ಗೆ ಒತ್ತಿದರೆ 22 ಸೆಕೆಂಡ್. ಮರುದಿನವೂ 22. ಹಳೆಯ ಪ್ಲಗ್ಗೇ ಅಪರಾಧಿ ಎಂದು ಗಂಭೀರವಾಗಿ ಟಿಪ್ಪಣಿ ಬರೆದುಕೊಂಡೆ. ಆ ಪ್ಲಗ್ ಹಾಳಾಗಿದೆ ಎಂದು ಖಚಿತಪಡಿಸಿಕೊಳ್ಳಲು, ಯಾರಿಗೂ ಬೇಡವಾದ ಡಿವಿಡಿ ಡ್ರೈವ್‌ಗೆ ಅದನ್ನು ಚುಚ್ಚಿದೆ. ತಣ್ಣಗಿನ ಬೂಟ್: 90. ಲಾಗ್‌ನಲ್ಲಿ ಮತ್ತೆ ಎಟಿಎ3, ಮತ್ತೆ ತಾಳ್ಮೆಯಿಂದಿರಿ.

ಟಾರ್ಚ್ ಹಿಡಿದು ಬೋರ್ಡಿನ ಮೇಲೆ ಬಗ್ಗಿದೆ. ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ, ಧೂಳಿನ ಪದರದ ಕೆಳಗೆ, ಮೊದಲ ಸಾಕೆಟ್‌ನ ಪಕ್ಕ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದದ್ದು: ಸಾಟಾ 0. ಬೋರ್ಡ್ ಎಣಿಸುವುದು ಸೊನ್ನೆಯಿಂದ. ಕರ್ನಲ್ ಎಟಿಎ ಪೋರ್ಟ್‌ಗಳನ್ನು ಎಣಿಸುವುದು ಒಂದರಿಂದ. 3ನೆಯ ಸಾಕೆಟ್‌ನ ಎಸ್‌ಎಸ್‌ಡಿ ಎಟಿಎ4; 2ನೆಯ ಸಾಕೆಟ್‌ನ ಡಿವಿಡಿ ಡ್ರೈವ್ ಎಟಿಎ3. ಕರ್ನಲ್ ಸಾಧನಗಳ ವಿವರ ತೋರಿಸುವ ಸಿಸ್ ಕಡತವ್ಯವಸ್ಥೆಯಲ್ಲಿ ಎಸ್‌ಡಿಎ (ಎಸ್‌ಎಸ್‌ಡಿಗೆ ಲಿನಕ್ಸ್ ಕೊಟ್ಟ ಹೆಸರು) ಯಾವ ದಾರಿಯಲ್ಲಿ ಬಂದಿದೆ ಎಂದು ನೋಡಿದ್ದರೆ ಐದು ಸೆಕೆಂಡಿನಲ್ಲಿ ತಿಳಿಯುತ್ತಿತ್ತು. ಅಷ್ಟೂ ಬೇಡ, ಲಾಗ್‌ನಲ್ಲೇ ಆ ತಾಳ್ಮೆಯ ಸಾಲಿಗಿಂತ ಮೇಲೆ ಎಟಿಎ4ರ ಮುಂದೆ ಎಸ್‌ಎಸ್‌ಡಿಯ ಮಾದರಿ ಸಂಖ್ಯೆ ದಪ್ಪಗೆ ಕುಳಿತಿತ್ತು. ನಾನು ಎಟಿಎ3 ಇರುವ ಸಾಲುಗಳನ್ನಷ್ಟೇ ಹೆಕ್ಕಲು ಗ್ರೆಪ್ ಹಾಕಿ ಅದನ್ನು ಪ್ರತಿ ಸಲವೂ ಸೋಸಿ ಚೆಲ್ಲುತ್ತಿದ್ದೆ.

ಲಿಬಟಾ.ಫೋರ್ಸ್ ಎಂಬ ಕರ್ನಲ್ ಆಯ್ಕೆಯಲ್ಲಿ ಆ ಒಂದು ಪೋರ್ಟನ್ನು ನಿಷ್ಕ್ರಿಯಗೊಳಿಸಬಹುದಿತ್ತು. ಆದರೆ ಫರ್ಮ್‌ವೇರ್ ಕೂಡ ಅದಕ್ಕಾಗಿ ಕಾಯುತ್ತಿತ್ತು. ಡ್ರೈವ್ ಕಿತ್ತ ಮೇಲೆ ಫರ್ಮ್‌ವೇರ್‌ನ ಪಾಲು 17ರಿಂದ 9ಕ್ಕೆ ಇಳಿದಿದೆ, ಕರ್ನಲ್ 64ರಿಂದ 4ಕ್ಕೆ. ಹಾಗಾಗಿ ಕಿತ್ತೇ ಬಿಟ್ಟೆ.

ಕಿತ್ತದ್ದನ್ನು ಎಸೆಯುವುದಿಲ್ಲ. ಇದರೊಳಗೆ ಲೇಸರ್ ಗಾಡಿಯನ್ನು ಹಿಂದೆ ಮುಂದೆ ಓಡಿಸುವ ಪುಟ್ಟ ಸ್ಟೆಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರ್ ಇದೆ, ನಾಲ್ಕು ತಂತಿ, ಸುಮಾರು 4 ಸೆಂಟಿಮೀಟರ್ ಓಟ. ಇಂಥ ಎರಡನ್ನು ಅಡ್ಡ-ಉದ್ದ ಜೋಡಿಸಿ, ಮೋಟಾರ್ ಓಡಿಸುವ ಎರಡು ಎ4988 ಡ್ರೈವರ್ ಚಿಪ್ ಕೊಟ್ಟರೆ ಅಂಚೆಚೀಟಿ ಗಾತ್ರದ ಚಿತ್ರ ಬರೆಯುವ ಪೆನ್ ಪ್ಲಾಟರ್ ಆಗುತ್ತದೆ. ಪೆನ್ ಎತ್ತಲು ಒಂದು ಸಣ್ಣ ಸರ್ವೋ ಮೋಟಾರ್. ಇನ್ನೊಂದು ಸತ್ತ ಡ್ರೈವ್ ಹುಡುಕಬೇಕು. ಹಳೆಯ ಸಿಡಿ ಡ್ರೈವ್‌ಗಳಲ್ಲಿ ಹಲವಕ್ಕೆ ಸ್ಟೆಪರ್ ಬದಲು ಸಾದಾ ಡಿಸಿ ಮೋಟಾರ್ ಇರುತ್ತದೆ, ಬಿಚ್ಚಿ ನೋಡದೆ ತರಬಾರದು. ತಿರುಪುಗಳ ವಿಚಾರದಲ್ಲಿ ಈ ಸಲ ಯಾರನ್ನೂ ನಂಬುವುದಿಲ್ಲ.

ಇನ್ನು ಹಳೆಯ ಹಾರ್ಡ್ ಡಿಸ್ಕ್. ಅದು ನಿಧಾನ ಎಂದೇ ಈ ಎಸ್‌ಎಸ್‌ಡಿ ಕೊಂಡದ್ದು. ಆಗಿನ ಎರಡು ನಿಮಿಷ ಚಿಲ್ಲರೆಯಲ್ಲೂ ಡಿವಿಡಿ ಡ್ರೈವ್‌ನ ಆ ಒಂದು ನಿಮಿಷ ಸೇರಿತ್ತೇನೋ, ಆಗಿನ ಲಾಗ್‌ಗಳನ್ನು ನಾನು ಇಟ್ಟುಕೊಂಡಿಲ್ಲ. ಇವತ್ತು ಬೆಳಿಗ್ಗೆ ಕಪಾಟಿನಿಂದ ಅದನ್ನು ತೆಗೆದು, ಧೂಳು ಒರೆಸಿ, ಬ್ಯಾಕಪ್‌ಗೆಂದು ಖಾಲಿಯಾದ 2ನೆಯ ಸಾಕೆಟ್‌ಗೆ ಚುಚ್ಚಿದೆ. ತಣ್ಣಗಿನ ಬೂಟ್ 25 ಸೆಕೆಂಡ್. ತಟ್ಟೆಗಳು ತಿರುಗಿ ವೇಗ ಹಿಡಿಯುವುದಕ್ಕೆ ಆ ಮೂರು ಸೆಕೆಂಡ್ ಬೇಕು. ತೆಗೆದುಕೊಳ್ಳಲಿ.